ಹರಿಪ್ರಸಾದ ಉಳಿಸಿದ್ದು

ಭವಿತಾ ಚಪ್ಪಲಿ ಕಳಚಿ ಒಳಗೆ ಬರುವಾಗ ಹರಿಪ್ರಸಾದ ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಬಟ್ಟೆ ತೊಳೆಯುವ ಸಾಬೂನನ್ನು ತಂತಿಯಿಂದ ಕೊಯ್ಯುತ್ತಿದ್ದ. ತಂತಿಯ ಎರಡೂ ತುದಿಗೆ ಸಣ್ಣ ಕಡ್ಡಿ ಕಟ್ಟಿಕೊಂಡಿದ್ದ. ಅದನ್ನು ಸಾಬೂನಿನ ಮೇಲಿಟ್ಟು ಮೆಲ್ಲನೆ ಒತ್ತಿದರೆ ಬೆಣ್ಣೆಯೊಳಗೆ ಇಳಿದ ಹಾಗೆ ಇಳಿಯುತ್ತಿತ್ತು. ಚೂರಿಯಿಂದ ಕೊಯ್ದರೆ ಅಂಚು ಉದುರಿ ನಷ್ಟವಾಗುತ್ತದೆ ಎಂದು ಅವನು ಕಂಡುಕೊಂಡಿದ್ದ. ಎದುರಿನ ಕುರ್ಚಿಯಲ್ಲಿ ಅವನ ತಾಯಿ ಕಮಲಾವತಿ, ಶಾಲೆಯ ಮಗು ಚಿತ್ರ ಬಿಡಿಸುವುದನ್ನು ನೋಡುವಂತೆ, ಮಗನ ಕೈಯನ್ನೇ ನೋಡುತ್ತ ಕೂತಿದ್ದರು.

"ಇಡೀ ಸಾಬೂನು ಒಗೆಯುವ ಕಲ್ಲಿನ ಮೇಲೆ ಇಟ್ರೆ ಅರ್ಧ ನೀರಿಗೇ ಹೋಗುದು," ಎಂದ ಅವನು, ತಲೆಯೆತ್ತದೆ. "ತುಂಡು ಮಾಡಿ ಒಣಗಿಸಿಟ್ರೆ ಒಂದು ವಾರ ಹೆಚ್ಚು ಬರ್ತದೆ. ನಾನು ನೋಡಿದ್ದೇನೆ."

ಭವಿತಾ ಹೂಂ ಎಂದಳು. ಬೆಳಗ್ಗಿನಿಂದ ನಿಂತೇ ಇದ್ದ ಕಾಲು ಭಾರವಾಗಿತ್ತು. ಅವಳು ಸುಳ್ಯದ ಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಸೀರೆಯ ವಿಭಾಗದಲ್ಲಿದ್ದಳು. ಅಲ್ಲಿ ಕೂರಲು ಸ್ಟೂಲು ಇಲ್ಲವೆಂದಲ್ಲ; ಗಿರಾಕಿಗಳು ಬರುವಾಗ ಹೆಂಗಸರು ಕೂತಿದ್ದರೆ ಧಣಿಗಳಿಗೆ ಆಗುತ್ತಿರಲಿಲ್ಲ. ಮನೆಗೆ ಬಂದ ಕೂಡಲೇ ಒಂದು ಲೋಟ ಚಹಾ ಕುಡಿಯುವ ಅಭ್ಯಾಸ ಅವಳಿಗೆ ಮೊದಲಿನಿಂದಲೂ ಇತ್ತು. ಈಗ ಸಂಜೆಯ ಚಹಾ ಎಲ್ಲರಿಗೂ ಒಮ್ಮೆಗೇ ಆಗಿಬಿಡುತ್ತಿತ್ತು, ಅವಳು ಬರುವ ಮೊದಲೇ. ಒಬ್ಬಳಿಗಾಗಿ ಮತ್ತೆ ಗ್ಯಾಸು ಹಚ್ಚುವುದು ದಂಡ ಎಂಬುದು ಹರಿಪ್ರಸಾದನ ಮಾತು. ಅವಳು ಹೂಜಿಯಿಂದ ನೀರು ಬಗ್ಗಿಸಿಕೊಂಡು ಕುಡಿದಳು.

ಸಾಬೂನಿನ ತುಂಡುಗಳನ್ನು ಅವನು ಒಂದರ ಪಕ್ಕ ಒಂದು ಜೋಡಿಸಿದ. ಎಲ್ಲವೂ ಒಂದೇ ಅಳತೆಯಲ್ಲಿದ್ದವು. ಅವನ ಮುಖದಲ್ಲಿ ಆಗ ಬಂದ ತೃಪ್ತಿಯನ್ನು ನೋಡಿ ಭವಿತಾಳಿಗೆ ಚಹಾದ ಮಾತು ಎತ್ತಲಾಗಲಿಲ್ಲ.

ಆ ಮುಖವನ್ನು ಮರಳಿ ತಂದವಳು ಅವಳೇ. ಹರಿಪ್ರಸಾದ ಸ್ಕೂಟರ್ ಶೋರೂಮಿನಲ್ಲಿ ಮ್ಯಾನೇಜರ್ ಆಗಿದ್ದವನು. ಹೆಸರಿಗೆ ಮ್ಯಾನೇಜರ್, ಮಾಡುತ್ತಿದ್ದದ್ದು ಎಲ್ಲ ಕೆಲಸ. ಸಾಲದ ಕಾಗದದಿಂದ ಹಿಡಿದು ಹೊಸ ಗಾಡಿಗೆ ಹೂವಿನ ಮಾಲೆ ಹಾಕುವವರೆಗೆ. ಸುಳ್ಯದಿಂದ ಜಾಲ್ಸೂರಿನವರೆಗೆ ದಾರಿಯಲ್ಲಿ ಓಡುವ ಗಾಡಿಗಳಲ್ಲಿ ಅವನ ಕೈಯಿಂದ ಕೀಲಿ ಪಡೆದವರು ಎಷ್ಟೋ ಮಂದಿ. ಹರಿಯಣ್ಣ ಎಂದು ಬಸ್‌ಸ್ಟ್ಯಾಂಡಿನಲ್ಲಿ ಕರೆಯದವರಿಲ್ಲ. ಹೋದ ವರ್ಷ ಯಜಮಾನರು ವ್ಯಾಪಾರವನ್ನು ಪುತ್ತೂರಿಗೆ ಸಾಗಿಸಿ ದೊಡ್ಡದು ಮಾಡಿದರು. ಕಂಪ್ಯೂಟರ್ ಗೊತ್ತಿರುವ ಹುಡುಗರನ್ನು ಕರೆದುಕೊಂಡು ಹೋದರು. ಹರಿಪ್ರಸಾದನಿಗೆ, ಬೇಕಾದಾಗ ಹೇಳಿ ಕಳಿಸುತ್ತೇನೆ ಎಂದರು. ಹೇಳಿ ಕಳಿಸಲಿಲ್ಲ.

ಅನಂತರ ಅವನು ಜಗಲಿಯ ಕುರ್ಚಿ ಬಿಟ್ಟು ಏಳದ ಹಾಗಾದ. ಗಡ್ಡ ಬೋಳಿಸುತ್ತಿರಲಿಲ್ಲ. ಯಾರಾದರೂ ಗೇಟಿನ ಹತ್ತಿರ ನಿಂತರೆ ಎದ್ದು ಒಳಗೆ ಹೋಗುತ್ತಿದ್ದ. ಮಗಳು ಸಾಕ್ಷಿ ಒಂಬತ್ತನೇ ಕ್ಲಾಸಿನ ಪುಸ್ತಕಕ್ಕೆ ಬೈಂಡ್ ಹಾಕಿಕೊಡಿ ಎಂದು ತಂದಿಟ್ಟದ್ದು ಎಷ್ಟೋ ದಿನ ಹಾಗೆಯೇ ಕುರ್ಚಿಯ ಪಕ್ಕದಲ್ಲಿ ಬಿದ್ದಿತ್ತು. ಕಮಲಾವತಿ ಒಂದು ದಿನ ಸೊಸೆಯನ್ನು ಹಿತ್ತಿಲಿಗೆ ಕರೆದು, ಇವನನ್ನು ನೋಡಿ ನನಗೆ ಹೆದರಿಕೆ ಆಗ್ತದೆ ಎಂದಿದ್ದರು. ಅವರು ಸುಲಭವಾಗಿ ಹೆದರುವವರಲ್ಲ.

ಆ ತಿಂಗಳ ಸಂಬಳ ಬಂದ ದಿನ ಭವಿತಾ ದುಡ್ಡನ್ನೂ ಸಾಮಾನಿನ ಕಪಾಟಿನ ಬೀಗದ ಕೈಯನ್ನೂ ಗಂಡನ ಮುಂದೆ ಇಟ್ಟಳು. "ಇನ್ನು ಮನೆಯ ಸಾಮಾನು ಎಲ್ಲ ನೀವೇ ನೋಡಿಕೊಳ್ಳಿ. ನನಗೆ ಅಂಗಡಿ ಬಿಟ್ಟು ಪುರುಸೊತ್ತು ಆಗುದಿಲ್ಲ," ಎಂದಳು. ಸುಳ್ಳು ಅದು. ಮದುವೆಯಾಗಿ ಬಂದಂದಿನಿಂದ ಅಂಗಡಿಯ ಕೆಲಸವನ್ನೂ ಮನೆಯನ್ನೂ ಅವಳೇ ನಡೆಸಿದ್ದಳು, ಪುರುಸೊತ್ತಿನ ಪ್ರಶ್ನೆ ಯಾರೂ ಕೇಳಿರಲಿಲ್ಲ. ಹರಿಪ್ರಸಾದ ಬೀಗದ ಕೈಯನ್ನು ಅಂಗೈಯಲ್ಲಿಟ್ಟು ಸ್ವಲ್ಪ ಹೊತ್ತು ನೋಡಿದ. ಮರುದಿನ ಗಡ್ಡ ಬೋಳಿಸಿದ.

ಮೊದಮೊದಲು ಅವನು ಮಾಡಿದ್ದೆಲ್ಲ ಒಳ್ಳೆಯದೇ ಆಗಿತ್ತು. ಭವಿತಾಳಿಗೆ ಒಳಗೊಳಗೇ ಆಶ್ಚರ್ಯ. ಅವಳು ಪೇಟೆಯಿಂದ ಬರುವ ದಾರಿಯಲ್ಲಿ ಎದುರಿಗೆ ಸಿಕ್ಕ ಅಂಗಡಿಯಿಂದ ತರುತ್ತಿದ್ದಳು. ಅವನು ನಾಲ್ಕು ಕಡೆ ವಿಚಾರಿಸಿ ಅಕ್ಕಿ ಎಲ್ಲಿ, ಬೇಳೆ ಎಲ್ಲಿ ಎಂದು ಗೊತ್ತು ಮಾಡಿಕೊಂಡ. ತರಕಾರಿಗೆ ಬೆಳಗ್ಗೆ ಹೋಗದೆ, ವ್ಯಾಪಾರಿಗಳು ಚೀಲ ಮಡಚುವ ಹೊತ್ತಿಗೆ ಹೋದ. ಪಾತ್ರೆ ತೊಳೆಯಲು ಅಂಟುವಾಳದ ಕಾಯಿ ಬೇಯಿಸಿ ಸೋಸಿ ಬಾಟಲಿಗಳಲ್ಲಿ ತುಂಬಿಸಿದ. ನೆಲ ಒರೆಸಲು ಬೂದಿಯ ತಿಳಿನೀರು ಸಾಕು ಎಂದ; ಸಾಕೂ ಆಯಿತು. ಸ್ನಾನದ ನೀರಿಗೆ ಹಂಡೆಯ ಒಲೆಗೆ ತೆಂಗಿನ ಗರಿ ತಂದು ಹಾಕಿದ. ಬಂಗುಡೆ ಮೀನು ಬರುತ್ತಿದ್ದ ಮನೆಗೆ ಅದಕ್ಕಿಂತ ಅಗ್ಗದ ಬೂತಾಯಿ ಬರತೊಡಗಿತು. ಅದೂ ಸಂಜೆ ಐಸು ಕರಗುವ ಹೊತ್ತಿನದ್ದು. ಕಮಲಾವತಿ ಹುಳಿ ಸ್ವಲ್ಪ ಹೆಚ್ಚು ಹಾಕಿ ಅದನ್ನೂ ರುಚಿ ಮಾಡಿದರು. ಸಾಕ್ಷಿಯ ಶಾಲೆಯ ಫೀಸು ಕಟ್ಟಿ ಬಂದ ದಿನ ಹರಿಪ್ರಸಾದ ರಶೀದಿಯನ್ನು ದೇವರ ಫೋಟೋದ ಹತ್ತಿರ ಇಟ್ಟ. ಮಗಳನ್ನು ಬೇರೆ ಶಾಲೆಗೆ ಹಾಕುವ ಮಾತು ಆಮೇಲೆ ಮನೆಯಲ್ಲಿ ಬರಲಿಲ್ಲ.

ಎಲ್ಲಿ ನಿಲ್ಲಿಸಬೇಕೆಂದು ಮಾತ್ರ ಅವನಿಗೆ ತಿಳಿಯಲಿಲ್ಲ. ದೊಡ್ಡದನ್ನೆಲ್ಲ ಕಡಿಮೆ ಮಾಡಿ ಮುಗಿದ ಮೇಲೆ ಸಣ್ಣದಕ್ಕೆ ಇಳಿದ. ಕಮಲಾವತಿಯ ಎಲೆಯಡಿಕೆ ಮೂರು ಹೊತ್ತಿನಿಂದ ಒಂದು ಹೊತ್ತಿಗೆ ಬಂತು. ಅವರು ಮಿಕ್ಕ ಹೊತ್ತು ಬರಿಯ ಅಡಿಕೆ ಹೋಳು ಬಾಯಲ್ಲಿಟ್ಟುಕೊಂಡು ಕೂರುತ್ತಿದ್ದರು. ಸ್ನಾನದ ಸಾಬೂನು, ಬೆಂಕಿಪೊಟ್ಟಣ, ಚಹಾಪುಡಿ ಎಲ್ಲ ಕಪಾಟಿನೊಳಗೆ ಸೇರಿದವು. ಬೇಕಾದವರು ಕೇಳಬೇಕು. ಕೇಳಿದರೆ ಅವನು ಇಲ್ಲ ಎನ್ನುತ್ತಿರಲಿಲ್ಲ. ಮೊನ್ನೆ ಕೊಟ್ಟದ್ದು ಖಾಲಿ ಆಯ್ತಾ ಎಂದು ಮೆತ್ತಗೆ ಕೇಳುತ್ತಿದ್ದ, ಅಷ್ಟೆ. ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಇಲ್ಲದೆ ಸುಧಾರಿಸುವುದೇ ವಾಸಿ ಎಂದು ಮನೆಯ ಮೂವರು ಹೆಂಗಸರಿಗೂ ಅನ್ನಿಸತೊಡಗಿತು. ಅದು ಅವನಿಗೆ ಉಳಿತಾಯದ ಹಾಗೆ ಕಾಣುತ್ತಿತ್ತು.

ಪಕ್ಕದ ಮನೆಯ ನೆಬೀಸ ಹಬ್ಬಕ್ಕೋ ನೆಂಟರು ಬಂದಾಗಲೋ ಪತ್ತಿರಿ ಎಂಬ ತೆಳು ಅಕ್ಕಿರೊಟ್ಟಿಯನ್ನು ಪಾತ್ರೆಯಲ್ಲಿ ಹಾಕಿ ಬೇಲಿಯ ಮೇಲಿಂದ ಕೊಡುವುದಿತ್ತು. ಆ ಪಾತ್ರೆ ಬರಿದಾಗಿ ಮರಳಿದ್ದಿಲ್ಲ. ಹಲಸಿನ ಕಡುಬೋ ನಾಲ್ಕು ಬಾಳೆಹಣ್ಣೋ ಕೂತು ಹೋಗುತ್ತಿತ್ತು. ಒಂದು ದಿನ ಹರಿಪ್ರಸಾದ, ಕೊಡುವುದು ತಕೊಳ್ಳುವುದು ಸದ್ಯಕ್ಕೆ ಬೇಡ, ಒಂದಕ್ಕೆ ಒಂದು ಹೋದರೆ ಅದಕ್ಕೆ ಕೊನೆ ಇಲ್ಲ ಎಂದ. ಮನೆಯಲ್ಲಿದ್ದ ಬಾಳೆಹಣ್ಣನ್ನು ಅವನು ವಾರಕ್ಕೆ ಲೆಕ್ಕ ಹಾಕಿ ತಂದಿದ್ದ. ಭವಿತಾ ಪಾತ್ರೆಯನ್ನು ತೊಳೆದು, ಒರೆಸಿ, ಬರಿದಾಗಿಯೇ ಬೇಲಿಯ ಆಚೆ ಕೊಟ್ಟಳು. ನೆಬೀಸ ನಗುತ್ತಲೇ ತೆಗೆದುಕೊಂಡಳು. ಮತ್ತೆ ಆ ಕಡೆಯಿಂದ ಪಾತ್ರೆ ಬರಲಿಲ್ಲ.

ಭವಿತಾ ಮಾತನಾಡಬೇಕೆಂದು ಎಷ್ಟೋ ಸಲ ಹೊರಟಳು. ಹೊರಟಾಗೆಲ್ಲ ಜಗಲಿಯ ಆ ಕುರ್ಚಿಯೂ ಅದರಲ್ಲಿ ಗಡ್ಡ ಬಿಟ್ಟು ಕೂತಿದ್ದವನೂ ಕಣ್ಣಿಗೆ ಬರುತ್ತಿದ್ದರು. ಈಗ ಅವನು ಸರಿಯಾಗಿ ಉಣ್ಣುತ್ತಾನೆ, ನಿದ್ದೆ ಮಾಡುತ್ತಾನೆ, ಇಂಥದ್ದಕ್ಕೆ ಇಷ್ಟು ಉಳಿಯಿತು ಎಂದು ಮುಖ ಅರಳಿಸಿ ಹೇಳುತ್ತಾನೆ. ಅದನ್ನು ಮುರಿಯುವಷ್ಟು ದೊಡ್ಡ ವಿಷಯವಾಗಿ ಒಂದು ಲೋಟ ಚಹಾ ಅವಳಿಗೆ ತೋರಲಿಲ್ಲ. ತಿಂಗಳ ದಿನಗಳಿಗೆ ಅವಳು ತನಗೆಂದು ಏನೂ ಕೇಳುವುದನ್ನು ಬಿಟ್ಟಿದ್ದಳು. ಅಂಗಡಿಯಲ್ಲಿ ಉಳಿಯುವ ಹತ್ತಿಬಟ್ಟೆಯ ತುಂಡುಗಳನ್ನು ತಂದು ಸುಧಾರಿಸುತ್ತಿದ್ದಳು. ಸಾಕ್ಷಿಗೆ ಮಾತ್ರ ತಿಂಗಳಿಗೊಂದು ಪ್ಯಾಡಿನ ಪ್ಯಾಕೆಟ್ ತಪ್ಪದೆ ತನ್ನಿ ಎಂದು ಬೀಗದ ಕೈ ಕೊಟ್ಟ ದಿನವೇ ಗಂಡನಿಗೆ ಹೇಳಿದ್ದಳು. ಆಯ್ತು ಎಂದಿದ್ದ. ಎರಡು ಸಲ ತಂದದ್ದನ್ನು ಅವಳೇ ನೋಡಿದ್ದಳು. ಆಮೇಲೆ ನೋಡಲು ಹೋಗಲಿಲ್ಲ.

ಮಳೆಗಾಲ ಹಿಡಿದ ಮೇಲೆ ಸಾಕ್ಷಿ ಒಂದೆರಡು ಸಲ ತಲೆನೋವು ಎಂದು ಶಾಲೆಗೆ ರಜೆ ಮಾಡಿದಳು. ಕೂತಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ. ಯಾಕೆ ಕಾಲು ಎಳೆಯುತ್ತಿ ಎಂದು ಭವಿತಾ ಕೇಳಿದಾಗ ಆಟದಲ್ಲಿ ಬಿದ್ದದ್ದು ಎಂದಳು. ಬೆಳಗ್ಗೆ ಏಳುವಾಗ ಒಂದು ಕೆಲಸ, ಮಲಗುವಾಗ ಇನ್ನೊಂದು ಕೆಲಸ. ಭವಿತಾ ಮಗಳ ಮಾತನ್ನು ನಂಬಿದಳು.

ಒಂದು ಮಧ್ಯಾಹ್ನ, ಮದುವೆಯ ಸೀರೆಗೆಂದು ಬಂದ ಒಂದು ದೊಡ್ಡ ಕುಟುಂಬದ ಮುಂದೆ ಅವಳು ಸೀರೆಗಳನ್ನು ಬಿಡಿಸಿ ಹರಡುತ್ತಿದ್ದಾಗ ಫೋನು ಬಂತು. ಸಾಕ್ಷಿಯ ಕ್ಲಾಸ್ ಟೀಚರ್ ತೃಪ್ತಿ. ಮಗುವಿಗೆ ಜ್ವರ ಉಂಟು, ಸ್ವಲ್ಪ ಬೇಗ ಬನ್ನಿ, ನೀವೇ ಬನ್ನಿ ಎಂದರು. ನೀವೇ ಎಂಬುದನ್ನು ಎರಡು ಸಲ ಹೇಳಿದರು. ಭವಿತಾ ಧಣಿಗಳ ಮುಖ ನೋಡಿದಳು. ಅವರು ಗಿರಾಕಿಗಳ ಮುಖ ನೋಡಿದರು. ಅವಳು ಬಿಡಿಸಿದ ಸೀರೆಗಳನ್ನು ಹಾಗೆಯೇ ಬಿಟ್ಟು ಕೊಡೆ ತೆಗೆದುಕೊಂಡು ಇಳಿದಳು.

ಶಾಲೆಯ ಆಫೀಸಿನ ಪಕ್ಕದ ಸಣ್ಣ ಕೋಣೆಯಲ್ಲಿ ಸಾಕ್ಷಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ಯಾರದೋ ಸ್ವೆಟರನ್ನು ಸೊಂಟಕ್ಕೆ ಸುತ್ತಿದ್ದರು. ತಾಯಿಯನ್ನು ಕಂಡು ಎದ್ದು ನಿಲ್ಲಲು ಹೋಗಿ ಮುಖ ಹಿಂಡಿದಳು. ತೃಪ್ತಿ ಟೀಚರ್ ಭವಿತಾಳನ್ನು ಬಾಗಿಲ ಬಳಿಗೆ ಕರೆದರು. ಈಚೆಗೆ ಕೆಲಸಕ್ಕೆ ಸೇರಿದ, ಮದುವೆಯಾಗದ ಅವರು, ಹಿರಿಯರಿಗೆ ಇಂಥದ್ದನ್ನು ಹೇಳುವ ಸಂಕೋಚದಲ್ಲಿ ನೆಲ ನೋಡುತ್ತ ಹೇಳಿದರು. ಒದ್ದೆ ಬಟ್ಟೆಯನ್ನೇ ಇಟ್ಟುಕೊಂಡು ಬಂದಿದ್ದಾಳೆ, ಚರ್ಮವೆಲ್ಲ ಕಿತ್ತುಹೋಗಿದೆ, ಜ್ವರ ಅದರದ್ದೇ ಇರಬೇಕು. ಕ್ಲಾಸಿನಲ್ಲಿ ಎದ್ದು ನಿಂತಾಗ ಹಿಂದಿನ ಬೆಂಚಿನವರು ನೋಡಿದರು. ನಾನು ಕೂಡಲೇ ಹೊರಗೆ ಕರೆದುಕೊಂಡು ಬಂದೆ, ಆದರೂ ನೋಡಿದರು.

ಸರಕಾರಿ ಆಸ್ಪತ್ರೆಯಲ್ಲಿ ಹೆಂಗಸು ಡಾಕ್ಟರಿದ್ದರು. ಪರೀಕ್ಷೆ ಮಾಡಿ ಬಂದು ಕೈ ತೊಳೆಯುತ್ತ, ಮಳೆಯಲ್ಲಿ ಬಟ್ಟೆ ಒಣಗುತ್ತದಾ, ಬಿಸಿಲಿಗೆ ಹಾಕದ ಬಟ್ಟೆಯನ್ನು ಮತ್ತೆ ಮತ್ತೆ ಕೊಡ್ತೀರಾ, ಕಲಿತವರಲ್ವಾ ನೀವು ಎಂದು ಕೇಳಿದರು. ಗದರಿಸಿದ್ದಲ್ಲ. ಗದರಿಸಿದ್ದರೆ ವಾಸಿಯಿತ್ತು. ನನಗೆ ಗೊತ್ತಿರಲಿಲ್ಲ ಎಂದು ಭವಿತಾ ಹೇಳಿದ್ದರೆ ಅದು ಇನ್ನೂ ದೊಡ್ಡ ತಪ್ಪಾಗಿ ಕೇಳಿಸುತ್ತಿತ್ತು. ಮಾತ್ರೆ, ಮುಲಾಮು ಬರೆದುಕೊಟ್ಟರು. ಮೆಡಿಕಲ್ಲಿನವನು ಮುಲಾಮಿನ ಬೆಲೆ ಹೇಳಿದಾಗ ಅವಳು ಚೀಲದ ಮೂಲೆಯವರೆಗೂ ಕೈ ಹಾಕಿ ಹುಡುಕಬೇಕಾಯಿತು. ಜೊತೆಗೆ ಒಂದು ಪ್ಯಾಡಿನ ಪ್ಯಾಕೆಟ್ಟನ್ನೂ ಕೇಳಿದಳು. ಅವನು ಅದನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ.

ಇಬ್ಬರೂ ಒಂದೇ ಕೊಡೆಯಡಿ ನಡೆದರು. ಸಾಕ್ಷಿ ಮೆಲ್ಲಗೆ ಹೆಜ್ಜೆ ಇಡುತ್ತಿದ್ದಳು.

"ಯಾಕೆ ಹೇಳ್ಲಿಲ್ಲ?" ಎಂದಳು ಭವಿತಾ.

"ಯಾರಿಗೆ?"

"ನನಗೆ."

ಪ್ಯಾಕೆಟ್ ಬರುವುದು ನಿಂತು ತುಂಬ ಸಮಯವಾಯಿತು, ಅಜ್ಜಿ ತಮ್ಮ ಹಳೆ ಸೀರೆ ಹರಿದು ಕೊಟ್ಟಿದ್ದರು, ಬಿಸಿಲಿದ್ದಾಗ ತೊಂದರೆ ಇರಲಿಲ್ಲ, ಮಳೆ ಬಂದ ಮೇಲೆ ಒಣಗಲಿಲ್ಲ, ಹೊರಗೆ ಹಾಕಿದರೆ ಅಪ್ಪನಿಗೆ ಕಾಣುತ್ತದೆಂದು ಹಂಡೆಯ ಹಿಂದೆ ಸೌದೆಯ ಮೇಲೆ ಹಾಕುತ್ತಿದ್ದೆ ಎಂದು ಸಾಕ್ಷಿ ಒಂದೊಂದೇ ಹೇಳಿದಳು. ಯಾರನ್ನೂ ದೂರುವ ದನಿಯಲ್ಲ. ನಡೆದದ್ದನ್ನು ನಡೆದ ಹಾಗೆ.

"ನನ್ನ ಹತ್ರ ಒಂದು ಮಾತು ಹೇಳ್ಬಹುದಿತ್ತಲ್ಲ ಸಾಕ್ಷಿ."

"ನಿನ್ನ ಹತ್ರ ಹೇಳಿದ್ರೆ ನೀನು ಅಪ್ಪನ ಹತ್ರ ಹೇಳ್ತಿದ್ದೆ. ಅಪ್ಪ ನನ್ನ ಕರ್ದು, ಮೊನ್ನೆ ಕೊಟ್ಟದ್ದು ಖಾಲಿ ಆಯ್ತಾ ಅಂತ ಕೇಳ್ತಿದ್ರು." ಅವಳು ಕೊಡೆಯ ಅಂಚಿನಿಂದ ಇಳಿಯುವ ನೀರನ್ನು ನೋಡುತ್ತಿದ್ದಳು. "ಬೀಗದ ಕೈ ಕೊಟ್ಟದ್ದು ನೀನೇ ಅಲ್ವಾ ಅಮ್ಮ."

ಭವಿತಾ ಕೊಡೆಯನ್ನು ಮಗಳ ಕಡೆಗೆ ಇನ್ನೂ ಸ್ವಲ್ಪ ವಾಲಿಸಿದಳು. ಅವಳ ಒಂದು ಹೆಗಲು ಪೂರ್ತಿ ನೆನೆಯಿತು.

ಮನೆಗೆ ಬಂದಾಗ ಹರಿಪ್ರಸಾದ ಜಗಲಿಯಲ್ಲಿ ಕುಕ್ಕರಗಾಲಲ್ಲಿ ಕೂತು ಅಂಟುವಾಳದ ನೀರನ್ನು ಬಟ್ಟೆಯಲ್ಲಿ ಸೋಸುತ್ತಿದ್ದ. ಈ ಹೊತ್ತಿಗೆ ಇಬ್ಬರೂ ಒಟ್ಟಿಗೆ ಬಂದದ್ದು ನೋಡಿ ಎದ್ದು ನಿಂತ. ಭವಿತಾ ಸಾಕ್ಷಿಯನ್ನು ಒಳಗೆ ಮಲಗಿಸಿ, ಮಾತ್ರೆ ಕೊಟ್ಟು, ಹೊದೆಸಿ ಬಂದಳು. ಕಮಲಾವತಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು. ಭವಿತಾ ಇಬ್ಬರಿಗೂ ಕೇಳುವಂತೆ ಆದದ್ದನ್ನೆಲ್ಲ ಹೇಳಿದಳು. ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ನೋಡಿದ್ದನ್ನೂ ಬಿಡಲಿಲ್ಲ.

ಹರಿಪ್ರಸಾದನ ಕೈಯಿಂದ ನೊರೆ ತೊಟ್ಟಿಕ್ಕುತ್ತಿತ್ತು. ಅವನು ಕೇಳಿದ್ದು, "ಮದ್ದಿಗೆ ಎಷ್ಟಾಯ್ತು?"

ಕೇಳಿದ ಕೂಡಲೇ ಅವನಿಗೇ ಗೊತ್ತಾಯಿತು. ಅವನ ಮುಖ ಅಷ್ಟು ಬೇಗ ಬಣ್ಣಗೆಟ್ಟದ್ದನ್ನು ಭವಿತಾ ಹಿಂದೆ ನೋಡಿರಲಿಲ್ಲ. ಬೇರೆ ದಿನವಾಗಿದ್ದರೆ ಅವಳಿಗೆ ಮರುಕ ಬರುತ್ತಿತ್ತು.

"ಬೀಗದ ಕೈ ಕೊಡಿ," ಎಂದಳು.

ಕಮಲಾವತಿ ಮಧ್ಯೆ ಬಂದರು. ತಪ್ಪು ತನ್ನದು, ನಿಮ್ಮ ಕಾಲದಲ್ಲಿ ಹೇಗೆ ಮಾಡ್ತಿದ್ದದ್ದು ಎಂದು ಹರಿ ಕೇಳಿದ, ನಮಗೆಲ್ಲ ಹಳೆ ಸೀರೆಯೇ ಎಂದು ತಾನೇ ಹೇಳಿದ್ದು, ಒಳ್ಳೆ ಮೆತ್ತನೆಯ ಸೀರೆ ನೋಡಿಯೇ ಹರಿದು ಕೊಟ್ಟದ್ದು, ಮಗು ಅದನ್ನು ಹೊಗೆಯಲ್ಲಿ ಒಣಗಿಸುತ್ತಾಳೆಂದು ತನಗೆ ಗೊತ್ತಿರಲಿಲ್ಲ ಎಂದರು. ಯಾರೂ ಅವರ ಕಡೆ ನೋಡಲಿಲ್ಲ.

"ನಾನು ನನಗೆ ಅಂತ ಎಂತ ತಕೊಂಡಿದ್ದೇನೆ ಹೇಳು," ಎಂದ ಹರಿಪ್ರಸಾದ. "ಪೇಟೆಗೆ ಹೋದ್ರೆ ಒಂದು ಚಹಾ ಕುಡಿಯುದಿಲ್ಲ ನಾನು. ಚಪ್ಪಲಿ ನೋಡು. ತಲೆಕೂದಲು ಕನ್ನಡಿ ಇಟ್ಟುಕೊಂಡು ನಾನೇ ಕತ್ತರಿಸುದು. ಎಲ್ಲ ಯಾರಿಗೆ ಮಾಡಿದ್ದು? ಅವಳ ಶಾಲೆಗೇ ಅಲ್ವಾ?"

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅವನ ಕೂದಲು ಹಿಂದೆ ಒಂದು ಬದಿ ಮೇಲೆ ಒಂದು ಬದಿ ಕೆಳಗೆ ಇರುವುದನ್ನು ಭವಿತಾ ದಿನವೂ ನೋಡುತ್ತಿದ್ದಳು. ಅದು ಸುಳ್ಳಲ್ಲ ಎಂಬುದೇ ಅವಳಿಗೆ ಆಗ ತಡೆಯಲಾರದ ಸಿಟ್ಟು ತಂದಿತು. ಇವನು ಕುಡುಕನಾಗಿದ್ದರೆ, ಇಸ್ಪೀಟು ಆಡುವವನಾಗಿದ್ದರೆ, ಏನು ಹೇಳಬೇಕೆಂದು ಗೊತ್ತಿರುತ್ತಿತ್ತು.

"ನನಗೆ ಪುರುಸೊತ್ತಿಲ್ಲ ಅಂತ ನಿಮಗೆ ಕೊಟ್ಟದ್ದಲ್ಲ," ಎಂದಳು. "ನನಗೆ ಪುರುಸೊತ್ತು ಇತ್ತು. ನೀವು ಆ ಕುರ್ಚಿಯಲ್ಲಿ ಕೂತದ್ದು ನೋಡ್ಲಿಕ್ಕೆ ಆಗದೆ ಕೊಟ್ಟದ್ದು. ಮಕ್ಕಳ ಕೈಗೆ ಎಂತಾದ್ರೂ ಕೊಟ್ಟು ಕೂರಿಸುದಿಲ್ವಾ, ಹಾಗೆ."

ಕಮಲಾವತಿ ಚೌಕಟ್ಟನ್ನು ಬಿಟ್ಟು ಒಳಗೆ ಹೋದರು.

"ಹಾಗಾ," ಎಂದ ಹರಿಪ್ರಸಾದ.

ಅವನು ಕೈಯನ್ನು ಪಂಚೆಗೆ ಒರೆಸಿಕೊಂಡ. ಶೋರೂಮಿನ ಹೆಸರಿದ್ದ ಕೀಚೈನಿನಿಂದ ಬೀಗದ ಕೈಯನ್ನು ಬಿಡಿಸಲು ಅವನ ಉಗುರಿಗೆ ಕಷ್ಟವಾಯಿತು. ಅವಳು ಕಾಯುತ್ತ ನಿಂತಳು. ಬಿಡಿಸಿ ಜಗಲಿಯ ದಂಡೆಯ ಮೇಲಿಟ್ಟ, ಅವಳ ಕೈಗೆ ಕೊಡಲಿಲ್ಲ. ಆಮೇಲೆ ಮತ್ತೆ ಕುಕ್ಕರಗಾಲಲ್ಲಿ ಕೂತು ಉಳಿದ ಅಂಟುವಾಳದ ನೀರನ್ನು ಸೋಸಿ ಮುಗಿಸಿದ. ಅರ್ಧದಲ್ಲಿ ಬಿಟ್ಟರೆ ಅದು ಹಾಳಾಗುತ್ತಿತ್ತು.

ಕಪಾಟು ತೆರೆದಾಗ ಎಲ್ಲವೂ ಅಂಗಡಿಯ ಹಾಗೆ ಜೋಡಿಸಿದ್ದು ಕಂಡಿತು. ಸಾಬೂನು, ಚಹಾಪುಡಿ, ಬೆಂಕಿಪೊಟ್ಟಣದ ಕಟ್ಟು, ಕಡಿಮೆಗೆ ಸಿಕ್ಕಿತೆಂದು ಒಟ್ಟಿಗೆ ತಂದ ತೊಗರಿಬೇಳೆ. ಬೇಳೆಗೆ ಹುಳ ಬಿದ್ದಿತ್ತು. ಭವಿತಾ ಅದನ್ನು ಮೊರಕ್ಕೆ ಸುರಿದು, ಕಪ್ಪು ಹುಳಗಳು ಅಂಚಿಗೆ ಹರಿದುಹೋಗುವುದನ್ನು ನೋಡುತ್ತ ನಿಂತಳು. ಅರ್ಧದಷ್ಟನ್ನು ಎಸೆಯಬೇಕಾಯಿತು.

ಸಾಕ್ಷಿ ಬೇಗ ಗುಣವಾದಳು. ಮನೆಯಲ್ಲಿ ಸಂಜೆ ಚಹಾ ಎರಡು ಸಲ ಆಯಿತು. ಕಮಲಾವತಿಯ ಎಲೆಯ ಕಟ್ಟು ಹಿಂದಿನಷ್ಟಾಯಿತು, ಆದರೆ ಅವರು ಹಿಂದಿನಷ್ಟು ತಿನ್ನಲಿಲ್ಲ. ತಿಂಗಳು ಮುಗಿಯುವ ಮೊದಲೇ ದುಡ್ಡು ಮುಗಿಯಿತು. ಭವಿತಾ ಎಷ್ಟು ಹಿಡಿದು ಖರ್ಚು ಮಾಡಿದರೂ ಅವನ ಹಾಗೆ ಅವಳಿಂದ ಆಗಲಿಲ್ಲ. ಅಕ್ಕಿ ಎಲ್ಲಿಂದ ತರುತ್ತಿದ್ದಿರಿ ಎಂದು ಒಮ್ಮೆ ಕೇಳಿದಳು. ಅವನು ಕುರ್ಚಿಯಲ್ಲಿ ಕೂತಲ್ಲಿಂದಲೇ, "ನೀನೇ ವಿಚಾರಿಸು," ಎಂದ. ಸಿಟ್ಟಿನಿಂದ ಹೇಳಿದ್ದಲ್ಲ. ಪರವೂರಿನವರು ದಾರಿ ಕೇಳಿದಾಗ ಗೊತ್ತಿಲ್ಲ ಎನ್ನುವ ಹಾಗೆ.

ಮಗಳು ಕೋಣೆಗೆ ಬಂದರೆ ಅವನು ಎದ್ದು ಹೋಗುತ್ತಿದ್ದ. ಸಾಕ್ಷಿಯೂ ಅವನ ಚಪ್ಪಲಿ ಎಲ್ಲಿದೆಯೆಂದು ನೋಡಿಕೊಂಡು ಇನ್ನೊಂದು ಬಾಗಿಲಿನಿಂದ ಬರುತ್ತಿದ್ದಳು. ಒಂದು ಸಂಜೆ ಸೌತೆಕಾಯಿ ಕೊಚ್ಚುತ್ತ ಕಮಲಾವತಿ ಸೊಸೆಗೆ ಹೇಳಿದರು.

"ನೀನು ಬೀಗದ ಕೈ ಕೇಳಿದ್ದು ಸರಿಯೇ. ಆದ್ರೆ ಆ ಮಕ್ಕಳ ಮಾತು ಹೇಳ್ಬಾರ್ದಿತ್ತು."

"ನನಗೂ ಗೊತ್ತುಂಟು ಅತ್ತೆ," ಎಂದಳು ಭವಿತಾ.

ಮಳೆ ಹಿಂದೆಗೆದ ಮೇಲೆ ಒಂದು ಬೆಳಗ್ಗೆ ಹರಿಪ್ರಸಾದ ಗಡ್ಡ ಬೋಳಿಸಿ, ಪ್ಯಾಂಟು ಹಾಕಿ, ಚಹಾಕ್ಕೆ ಬಂದು ಕೂತ. ಜಾಲ್ಸೂರಿನಲ್ಲಿ ಅಡಿಕೆ ವ್ಯಾಪಾರಿಯೊಬ್ಬರ ಹತ್ತಿರ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ, ಇವತ್ತಿನಿಂದ ಬರಲು ಹೇಳಿದ್ದಾರೆ ಎಂದ. ಭವಿತಾ ಅವನ ಶರ್ಟಿಗೆ ಇಸ್ತ್ರಿ ಹಾಕಿದಳು. ಬಗ್ಗಿ ಶೂ ಹಾಕಿಕೊಳ್ಳುವಾಗ ಅವನ ಕತ್ತಿನ ಹಿಂದೆ ಕ್ಷೌರಿಕ ಸರಿಯಾಗಿ ಕತ್ತರಿಸಿದ ಕೂದಲು ಕಂಡಿತು.

ಅವನು ದಿನವೂ ಬೆಳಗಿನ ಬಸ್ಸಿಗೆ ಹೋಗಿ ಕತ್ತಲಾಗುವ ಮೊದಲು ಬರುತ್ತಿದ್ದ. ಬಂದವನು ನೇರ ಒಳಗೆ ಬರದೆ ಹಿತ್ತಿಲ ನಳ್ಳಿಯ ಹತ್ತಿರ ತುಂಬ ಹೊತ್ತು ಕೈ ತೊಳೆಯುತ್ತಿದ್ದ. ತನ್ನ ಬಟ್ಟೆಯನ್ನು ತಾನೇ ಒಗೆದು ಹಾಕುತ್ತಿದ್ದ. ಅಡಿಕೆಯ ಧೂಳು ಹಾಗೆಯೇ, ಹೋಗುವುದಿಲ್ಲ ಎಂದ. ಕೆಲಸ ಹೇಗಿದೆ ಎಂದರೆ, ಆಗಬಹುದು ಎನ್ನುತ್ತಿದ್ದ. ತಿಂಗಳಾದ ಮೇಲೆ ಸಂಬಳವನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಭವಿತಾಳ ಎದುರಿಗೆ ಇಟ್ಟ. ನಿಮ್ಮ ಹತ್ತಿರವೇ ಇರಲಿ, ಸಾಮಾನು ನೀವೇ ತನ್ನಿ, ನಿಮಗೇ ಚೆನ್ನಾಗಿ ಗೊತ್ತು ಎಂದಳು ಅವಳು. ಈ ಸಲ ಅದು ಸುಳ್ಳಾಗಿರಲಿಲ್ಲ. ಅವನು ಬೇಡ ಎಂದು ತಲೆಯಾಡಿಸಿ ಹೊರಗೆ ಹೋದ. ಆದರೂ ಮನೆಗೆ ಒಂದು ಉಸಿರು ಬಂದ ಹಾಗಾಗಿತ್ತು. ಭವಿತಾ ಅಂಗಡಿಯಲ್ಲಿ ಜೊತೆಯವರಿಗೆ, ನಮ್ಮವರು ಜಾಲ್ಸೂರಿನಲ್ಲಿ ಲೆಕ್ಕಕ್ಕೆ ಇದ್ದಾರೆ ಎಂದು ಒಂದೆರಡು ಸಲ ಹೇಳಿಯೂ ಬಿಟ್ಟಳು.

ಅವಳ ತವರು ಗಡಿಯಾಚೆ ಕೇರಳದ ಅಡೂರಿನಲ್ಲಿ. ಅಣ್ಣನ ಮಗುವಿಗೆ ಹೆಸರಿಡುವ ದಿನ ಒಂದು ಭಾನುವಾರ ಬಂತು. ಭಾನುವಾರವೂ ಕೆಲಸವಿದೆ, ಅಡಿಕೆ ಬರುವ ಸಮಯ, ನೀವು ಹೋಗಿ ಬನ್ನಿ ಎಂದು ಹರಿಪ್ರಸಾದ ಬೆಳಗ್ಗೆಯೇ ಹೊರಟುಹೋದ. ಕಮಲಾವತಿ ಮನೆಯಲ್ಲಿ ಉಳಿದರು. ಭವಿತಾ ಸಾಕ್ಷಿಯನ್ನು ಕರೆದುಕೊಂಡು ಕಾಸರಗೋಡಿನ ಬಸ್ಸು ಹತ್ತಿದಳು. ಸಾಕ್ಷಿ ಕಿಟಕಿಯ ಬದಿ ಕೂತಳು. ಜಾಲ್ಸೂರಿಗೆ ಬರುವಾಗ ಬಸ್ಸು ನಿಧಾನವಾಯಿತು. ಗಡಿಯ ಆ ಕಡೆಗಿಂತ ಇಲ್ಲಿ ಪೆಟ್ರೋಲಿಗೆ ಕಡಿಮೆ ಎಂದು ಕೇರಳದ ಕಾರು, ಬೈಕುಗಳು ಬಂಕಿನಿಂದ ರಸ್ತೆಯವರೆಗೂ ಸಾಲು ನಿಂತಿದ್ದವು. ಮುಂದೆ ಹೋಗಲು ಜಾಗವಿಲ್ಲದೆ ಡ್ರೈವರು ಬಂಕಿನ ಎದುರಿಗೇ ಬಸ್ಸು ನಿಲ್ಲಿಸಿದ.

ಮೊದಲು ನೋಡಿದ್ದು ಸಾಕ್ಷಿ. ಅವಳ ಮೈ ಒಮ್ಮೆ ಬಿಗಿಯಾದದ್ದು ಪಕ್ಕದಲ್ಲಿದ್ದ ಭವಿತಾಳಿಗೆ ತಿಳಿಯಿತು. ಬಗ್ಗಿ ನೋಡಿದಳು. ನೀಲಿ ಅಂಗಿ, ಅದೇ ಬಣ್ಣದ ಟೋಪಿ ಹಾಕಿ ಹರಿಪ್ರಸಾದ ಒಂದು ಸ್ಕೂಟರಿಗೆ ಪೆಟ್ರೋಲ್ ಹಾಕುತ್ತಿದ್ದ. ಸ್ಕೂಟರಿನವನು ಗುರುತಿನವನಿರಬೇಕು. ಏನೋ ಕೇಳಿದ. ಹರಿಪ್ರಸಾದ ಶೋರೂಮಿನಲ್ಲಿ ನಗುತ್ತಿದ್ದ ಹಾಗೆಯೇ ನಕ್ಕು ಉತ್ತರ ಹೇಳಿದ, ದುಡ್ಡು ತೆಗೆದುಕೊಂಡು ಹೆಗಲಿನ ಚೀಲಕ್ಕೆ ಹಾಕಿದ, ಮುಂದಿನ ಗಾಡಿಗೆ ಕೈ ಮಾಡಿ ಕರೆದ. ಆ ಗಾಡಿ ಹತ್ತಿರ ಬರುವಷ್ಟರಲ್ಲಿ ಟೋಪಿ ತೆಗೆದು ತೋಳಿನಿಂದ ಹಣೆ ಒರೆಸಿಕೊಂಡು, ನಿಂತಿದ್ದ ಬಸ್ಸಿನ ಕಡೆ ತಿರುಗಿದ.

ಸಾಕ್ಷಿ ಕಿಟಕಿಯ ಗಾಜನ್ನು ಮೆಲ್ಲನೆ, ಸದ್ದಾಗದ ಹಾಗೆ, ಎಳೆದು ಮುಚ್ಚಿದಳು. ಹೊರಗೆ ಒಳ್ಳೆ ಬಿಸಿಲಿತ್ತು. ಗಾಜಿನ ಮೇಲೆ ಹಳೆಯ ಮಳೆಯ ಕೆಸರು ಒಣಗಿ ಅಂಟಿಕೊಂಡಿತ್ತು. ಅದರಾಚೆ ಯಾರ ಮುಖವೂ ಕಾಣುತ್ತಿರಲಿಲ್ಲ.